ಉಚಿತ ಗೂಗಲ್ ಕೋಲ್ಯಾಬ್‌ನಲ್ಲಿ ಕನ್ನಡ ಮಾದರಿಗಳ ತರಬೇತಿ: ಟಿ4 ಎಲ್ಲಿಯವರೆಗೆ ಕೈಹಿಡಿಯುತ್ತದೆ?

ಕನ್ನಡದ ಮಾತಿನ ಮೇಲೋ ಪಠ್ಯದ ಮೇಲೋ ಎಐ ಮಾದರಿ ಪಳಗಿಸಲು ಹೊರಟವರಿಗೆ ಮೊದಲು ಕೈಗೆ ಸಿಗುವ ಜಿಪಿಯು (ತರಬೇತಿಯ ಲೆಕ್ಕ ವೇಗವಾಗಿ ಮಾಡುವ ಕಾರ್ಡ್) ಬಹುಪಾಲು ಕೋಲ್ಯಾಬ್‌ನದ್ದೇ, ಅಂದರೆ ಬ್ರೌಸರ್‌ನಲ್ಲೇ ಕೋಡ್ ಓಡಿಸುವ ಗೂಗಲ್‌ನ ನೋಟ್‌ಬುಕ್ ಸೇವೆಯದ್ದು. ಗೂಗಲ್ ಖಾತೆ ಇದ್ದರೆ ಸಾಕು, ಕ್ರೆಡಿಟ್ ಕಾರ್ಡ್ ಕೇಳುವುದಿಲ್ಲ, ಡ್ರೈವರ್ ಹಾಕುವ ತಲೆನೋವಿಲ್ಲ, ತರಬೇತಿಗೆ ಬೇಕಾದ ಪೈಟಾರ್ಚ್ ಲೈಬ್ರರಿ ಮೊದಲೇ ಕೂತಿರುತ್ತದೆ. 2017ರಿಂದ ಎಲ್ಲರಿಗೂ ತೆರೆದಿರುವ ಈ ಸೇವೆಯನ್ನು ಇಲ್ಲಿ ಎರಡು ಕೆಲಸಗಳ ಮಟ್ಟಿಗೆ ಮಾತ್ರ ಅಳೆದಿದೆ: ಮಾತನ್ನು ಪಠ್ಯವಾಗಿಸುವ ಓಪನ್‌ಎಐನ ವಿಸ್ಪರ್ ಮಾದರಿಯನ್ನು ಕನ್ನಡ ಮಾತಿಗೆ ಫೈನ್‌ಟ್ಯೂನ್ ಮಾಡುವುದು (ಹೆಚ್ಚುವರಿಯಾಗಿ ಕಲಿಸಿ ಹೊಂದಿಸುವುದು), ಮತ್ತು 2ರಿಂದ 4 ಬಿಲಿಯನ್ ಪ್ಯಾರಾಮೀಟರ್‌ಗಳ (ಮಾದರಿ ಕಲಿತು ಇಟ್ಟುಕೊಳ್ಳುವ ಸಂಖ್ಯೆಗಳು, ಇವೇ ಅದರ ತೂಕಗಳು) ಭಾಷಾ ಮಾದರಿಯೊಂದನ್ನು ಕ್ಯೂಲೋರಾ ಎಂಬ ಕಡಿಮೆ ಮೆಮೊರಿಯ ವಿಧಾನದಲ್ಲಿ ತಿದ್ದುವುದು.

ತೀರ್ಪು ಮೊದಲೇ ಹೇಳಿಬಿಡೋಣ. ಈ ಎರಡಕ್ಕೂ ಉಚಿತ ಕೋಲ್ಯಾಬ್ ಸಾಕು. ಹೆಚ್ಚಿನವರು ದೂರುವುದು ಮೆಮೊರಿ ಸಾಲದು ಎಂದು. ನಿಜಕ್ಕೂ ಕೆಲಸ ಕೆಡಿಸುವುದು ಕಾರ್ಡಿನ ವಯಸ್ಸು ಮತ್ತು ಸೆಷನ್ನಿನ ಆಯಸ್ಸು. ಧರ್ಮಛತ್ರದಲ್ಲಿ ಇಳಿದುಕೊಂಡ ಹಾಗೆ ಇದು: ಮಲಗಲು ಜಾಗ ಸಿಗುತ್ತದೆ, ಆದರೆ ಗಂಟುಮೂಟೆ ಅಲ್ಲೇ ಬಿಟ್ಟು ಹೋಗುವಂತಿಲ್ಲ. ಉಳಿಯಬೇಕಾದದ್ದೆಲ್ಲ ಆ ಯಂತ್ರದ ಹೊರಗೆ ಇರಬೇಕು ಎಂದು ಮೊದಲ ಸೆಲ್‌ನಿಂದಲೇ (ನೋಟ್‌ಬುಕ್ಕಿನ ಕೋಡ್ ಖಾನೆ) ಬರೆದವರಿಗೆ ಕೋಲ್ಯಾಬ್ ಒಳ್ಳೆಯ ಸಾಧನ. ಉಳಿದವರಿಗೆ ಅದು ಹತ್ತು ಗಂಟೆಯ ಕೆಲಸವನ್ನು ಒಂಬತ್ತನೇ ಗಂಟೆಯಲ್ಲಿ ನುಂಗುವ ಯಂತ್ರ.

ಸಿಗುವ ಯಂತ್ರ

ರನ್‌ಟೈಮ್ ಮೆನುವಿನಲ್ಲಿ ಟಿ4 ಆರಿಸಿದರೆ ಸಾಮಾನ್ಯವಾಗಿ ಬರುವುದು 2 ವರ್ಚುವಲ್ ಸಿಪಿಯು, 12.7 ಜಿಬಿಯಷ್ಟು ರ್ಯಾಮ್, ಒಂದು ಎನ್‌ವಿಡಿಯಾ ಟಿ4. ಈ ಕಾರ್ಡ್ ಬಿಡುಗಡೆಯಾದದ್ದು 2018ರಲ್ಲಿ. ಟ್ಯೂರಿಂಗ್ ಪೀಳಿಗೆ, 70 ವ್ಯಾಟ್, 2,560 ಕೂಡಾ (CUDA, ಎನ್‌ವಿಡಿಯಾ ಕಾರ್ಡಿನ ಲೆಕ್ಕದ ವ್ಯವಸ್ಥೆ) ಕೋರ್. ಮೆಮೊರಿ 16 ಜಿಬಿ ಎಂದು ಹೆಸರಿದ್ದರೂ ಕಾರ್ಡಿನ ಸ್ಥಿತಿ ಹೇಳುವ ಎನ್‌ವಿಡಿಯಾ-ಎಸ್‌ಎಂಐ ಆಜ್ಞೆ ತೋರಿಸುವುದು 15,360 ಎಂಐಬಿ. ಲೆಕ್ಕ ಹಾಕುವಾಗ 14.5 ಜಿಬಿ ಎಂದೇ ಹಿಡಿದರೆ ಕ್ಷೇಮ.

ಆ 14.5ರಲ್ಲಿ ಏನು ಹಿಡಿಸುತ್ತದೆ ಎಂಬುದಕ್ಕೆ ಊಹೆ ಬೇಡ, ಗುಣಾಕಾರ ಸಾಕು. ಇಡೀ ಮಾದರಿಯನ್ನು ಆ್ಯಡಮ್ ಆಪ್ಟಿಮೈಸರ್‌ನಲ್ಲಿ (ಪ್ರತಿ ಹೆಜ್ಜೆಗೂ ತೂಕ ತಿದ್ದುವ ವಿಧಾನ) ತರಬೇತಿ ಮಾಡಿದರೆ ಒಂದು ಪ್ಯಾರಾಮೀಟರ್‌ಗೆ 16 ಬೈಟ್ ಬೇಕು: ತೂಕಕ್ಕೆ 4, ಗ್ರೇಡಿಯಂಟ್‌ಗೆ (ತೂಕ ಯಾವ ಕಡೆ ಎಷ್ಟು ಬದಲಾಗಬೇಕೆಂಬ ಲೆಕ್ಕ) 4, ಆ್ಯಡಮ್ ಇಟ್ಟುಕೊಳ್ಳುವ ಎರಡು ಸರಾಸರಿಗಳಿಗೆ 8. ವಿಸ್ಪರ್ ಸ್ಮಾಲ್‌ನಲ್ಲಿ 24.4 ಕೋಟಿ ಪ್ಯಾರಾಮೀಟರ್‌ಗಳಿವೆ, ಅಂದರೆ 3.9 ಜಿಬಿ. ಆರಾಮ. ವಿಸ್ಪರ್ ಮೀಡಿಯಂನಲ್ಲಿ 76.9 ಕೋಟಿ, ಅಂದರೆ 12.3 ಜಿಬಿ, ಆ್ಯಕ್ಟಿವೇಷನ್‌ಗಳಿಗೆ (ಲೆಕ್ಕದ ನಡುವೆ ಹುಟ್ಟುವ ಮೌಲ್ಯಗಳು) ಉಳಿಯುವುದು ಎರಡೇ ಜಿಬಿ. ಇಲ್ಲಿ 8 ಬಿಟ್ ಆ್ಯಡಮ್ ಹಾಕಿದರೆ 16 ಬೈಟ್ 10ಕ್ಕೆ ಇಳಿದು 7.7 ಜಿಬಿ ಆಗುತ್ತದೆ, ಮೆಮೊರಿ ಉಳಿಸುವ ಗ್ರೇಡಿಯಂಟ್ ಚೆಕ್‌ಪಾಯಿಂಟಿಂಗ್ ಕೂಡ ಸೇರಿಸಿದರೆ ಬ್ಯಾಚ್ 4 (ಒಂದು ಸಲಕ್ಕೆ ನಾಲ್ಕು ಉದಾಹರಣೆ) ಓಡುತ್ತದೆ. ಲಾರ್ಜ್ ವಿ3ಯನ್ನು ಇಡಿಯಾಗಿ ತಿದ್ದುವ ಆಸೆಯನ್ನು ಇಲ್ಲೇ ಬಿಡಬೇಕು. 155 ಕೋಟಿ ಪ್ಯಾರಾಮೀಟರ್, ಸುಮಾರು 25 ಜಿಬಿ. ಅದಕ್ಕೆ ಮೂಲ ತೂಕಗಳನ್ನು ಮುಟ್ಟದೆ ಮೇಲೊಂದು ಪುಟ್ಟ ಭಾಗವನ್ನಷ್ಟೇ ಕಲಿಸುವ ಲೋರಾ ಒಂದೇ ದಾರಿ.

ಭಾಷಾ ಮಾದರಿಗಳಿಗೂ ಇದೇ ಲೆಕ್ಕ. 1 ಬಿಲಿಯನ್ ಮಾದರಿಯೇ ಇಡಿಯಾಗಿ 16 ಜಿಬಿ ಕೇಳುತ್ತದೆ. ಹಾಗಾಗಿ ಟಿ4ನಲ್ಲಿ ಪೂರ್ಣ ತರಬೇತಿಯ ಮಾತು ಬೇಡ. ಮೂಲ ತೂಕಗಳನ್ನು 4 ಬಿಟ್‌ಗೆ ಇಳಿಸಿ ಮೇಲೊಂದು ಪುಟ್ಟ ಅಡಾಪ್ಟರ್ ಕಲಿಸುವ ಕ್ಯೂಲೋರಾ ಮಾತ್ರ.

ವಿಸ್ಪರ್: ಕೆಡುವುದೆಲ್ಲ ಕಾರ್ಡಿನ ಹೊರಗೆ

ಎಐ ಮಾದರಿಗಳನ್ನು ಹಂಚುವ ತಾಣ ನಡೆಸುವ ಹಗ್ಗಿಂಗ್ ಫೇಸ್ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಹಿಂದಿ ಪಾಠವನ್ನೇ ಹೆಚ್ಚಿನವರು ನಕಲು ಮಾಡಿ ಕನ್ನಡಕ್ಕೆ ತಿರುಗಿಸುತ್ತಾರೆ. ಅದರಲ್ಲಿ ಸುಮಾರು 8 ಗಂಟೆಯ ಹಿಂದಿ ಧ್ವನಿ, ವಿಸ್ಪರ್ ಸ್ಮಾಲ್, ಬ್ಯಾಚ್ 16, ಕಲಿಕೆ ದರ 0.00001, ಮೊದಲ 500 ಸ್ಟೆಪ್ ವಾರ್ಮ್ಅಪ್ (ಕಲಿಕೆ ದರವನ್ನು ಮೆಲ್ಲಗೆ ಏರಿಸುವ ಹಂತ). ಪದ ದೋಷ ದರ ಶೇ 63.5ರಿಂದ ಶೇ 32ಕ್ಕೆ ಇಳಿದಿತ್ತು. ಕೋಲ್ಯಾಬ್ ಜಿಪಿಯುವಿನಲ್ಲಿ 5ರಿಂದ 10 ಗಂಟೆ ಹಿಡಿಯುತ್ತದೆ ಎಂದು ಆ ಪಾಠವೇ ಹೇಳುತ್ತದೆ. ಟಿ4ನಲ್ಲಿ ಇವೇ ಸಂಖ್ಯೆಗಳು ಕನ್ನಡಕ್ಕೂ ನಡೆಯುತ್ತವೆ. ಆದರೆ ಆ ನೋಟ್‌ಬುಕ್ಕನ್ನು ಹಾಗೇ ಓಡಿಸಿದರೆ ನಾಲ್ಕು ಕಡೆ ಮುಗ್ಗರಿಸುತ್ತದೆ.

ಮೊದಲನೆಯದು ಡಿಸ್ಕ್ ಮತ್ತು ರ್ಯಾಮ್. ವಿಸ್ಪರ್ ಪ್ರತಿ ತುಣುಕನ್ನೂ 30 ಸೆಕೆಂಡಿಗೆ ಎಳೆದು ನೋಡುತ್ತದೆ. ತುಣುಕು 5 ಸೆಕೆಂಡಿನದಾದರೂ ಉಳಿದ 25 ಸೆಕೆಂಡನ್ನು ಮೌನದಿಂದ ತುಂಬಿ 80 ಸಾಲು, 3,000 ಕಾಲಂನ ಮೆಲ್ ಚಿತ್ರ (ಧ್ವನಿಯ ಆವರ್ತನಗಳ ಪಟ) ತಯಾರಾಗುತ್ತದೆ. ಒಂದೊಂದು ಸಂಖ್ಯೆಗೆ 4 ಬೈಟ್, ಅಂದರೆ ತುಣುಕಿಗೆ 0.96 ಎಂಬಿ. 10 ಗಂಟೆಯ ಧ್ವನಿ 5 ಸೆಕೆಂಡಿನ ತುಣುಕುಗಳಲ್ಲಿದ್ದರೆ 7,200 ತುಣುಕು, ಒಟ್ಟು 6.9 ಜಿಬಿ. ಅದೇ ಧ್ವನಿ 16 ಕಿಲೋಹರ್ಟ್ಸ್, 16 ಬಿಟ್ ವೇವ್ ಕಡತವಾಗಿ 1.15 ಜಿಬಿ ಮಾತ್ರ. ಪಾಠದಲ್ಲಿರುವಂತೆ ಎಲ್ಲವನ್ನೂ ಮುಂಚಿತವಾಗಿ ನಾಲ್ಕು ಪ್ರಕ್ರಿಯೆಗಳಲ್ಲಿ ಪರಿವರ್ತಿಸಲು ಹೋದರೆ ಎರಡು ಕೋರಿನ ಯಂತ್ರ ಏದುಸಿರು ಬಿಡುತ್ತದೆ; ರ್ಯಾಮ್ ಮುಗಿದು ಸೆಷನ್ ಬಿದ್ದರೂ ಆಶ್ಚರ್ಯವಿಲ್ಲ. ಪರಿವರ್ತನೆಯನ್ನು ಸೆಟ್_ಟ್ರಾನ್ಸ್‌ಫಾರ್ಮ್ ಮೂಲಕ ಬ್ಯಾಚ್ ಬೇಕಾದಾಗಲೇ ಮಾಡಿಸಿ, ಡೇಟಾಲೋಡರ್‌ಗೆ 2 ವರ್ಕರ್ ಕೊಡಿ. ಜಿಪಿಯು ಆಗಾಗ ಕಾಯುತ್ತದೆ ನಿಜ, ಆದರೆ ಕೆಲಸ ನಿಲ್ಲುವುದಿಲ್ಲ.

ಧ್ವನಿ ಕಡತಗಳ ಮುಕ್ತ ಭಂಡಾರವಾದ ಓಪನ್‌ಎಸ್‌ಎಲ್‌ಆರ್‌ನ 79ನೇ ಸಂಗ್ರಹದಂಥ ಕನ್ನಡ ಧ್ವನಿ 48 ಕಿಲೋಹರ್ಟ್ಸ್‌ನಲ್ಲಿದೆ. ಅದನ್ನು ಮನೆಯ ಲ್ಯಾಪ್‌ಟಾಪಿನಲ್ಲೇ 16ಕ್ಕೆ ಇಳಿಸಿ ಅಪ್‌ಲೋಡ್ ಮಾಡಿದರೆ ಗಾತ್ರ ಮೂರನೇ ಒಂದಾಗುತ್ತದೆ. ಪ್ರತಿ ಸುತ್ತಿನಲ್ಲೂ ಕೋಲ್ಯಾಬ್‌ನ ಎರಡು ಕೋರುಗಳು ಈ ಚಾಕರಿ ಮಾಡಬೇಕಾದ್ದಿಲ್ಲ.

ಎರಡನೆಯದು ಕನ್ನಡಕ್ಕೇ ವಿಶೇಷವಾಗಿ ಕಚ್ಚುವ ತೊಂದರೆ. ವಿಸ್ಪರ್‌ನಲ್ಲಿ ಪಠ್ಯ ಬರೆಯುವ ಭಾಗವಾದ ಡಿಕೋಡರ್ ಒಂದು ಸಲಕ್ಕೆ 448 ಟೋಕನ್‌ಗಿಂತ (ಟೋಕನ್ ಎಂದರೆ ಮಾದರಿ ಪಠ್ಯವನ್ನು ಒಡೆದುಕೊಳ್ಳುವ ಚೂರು) ಹೆಚ್ಚು ಬರೆಯಲಾರದು. ಇಂಗ್ಲಿಷಿಗೆ 30 ಸೆಕೆಂಡಿನ ಮಾತು ಅದರಲ್ಲಿ ಸಲೀಸಾಗಿ ಹಿಡಿಸುತ್ತದೆ. ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೂ 3 ಬೈಟ್. ‘ಕನ್ನಡ’ ಎಂಬ ಪದವೇ 5 ಚಿಹ್ನೆ, 15 ಬೈಟ್. ವಿಸ್ಪರ್‌ನ ಟೋಕನೈಸರ್ ಬೈಟ್ ಮಟ್ಟದ್ದು, ಕನ್ನಡದ ಬೈಟ್‌ಗಳನ್ನು ಜೋಡಿಸಿ ಒಂದಾಗಿಸುವುದನ್ನು ಅದು ಹೆಚ್ಚು ಕಲಿತಿಲ್ಲ. ಹಾಗಾಗಿ ಒಂದು ಚಿಹ್ನೆಗೆ ಎರಡು ಟೋಕನ್ ಎಂದು ಹಿಡಿದರೂ, ಎಂಟು ಚಿಹ್ನೆಯ ಪದಗಳನ್ನು ಸೆಕೆಂಡಿಗೆ ಎರಡರಂತೆ ಮಾತಾಡುವವರ 15 ಸೆಕೆಂಡು 480 ಟೋಕನ್ ಆಗುತ್ತದೆ. ಮಿತಿ ದಾಟಿತು. ಟ್ರಾನ್ಸ್‌ಫಾರ್ಮರ್ಸ್ ಲೈಬ್ರರಿಯ ಹೊಸ ಆವೃತ್ತಿ ಲೇಬಲ್ ಉದ್ದ 448 ದಾಟಿದೆ ಎಂದು ನೇರವಾಗಿ ಹೇಳಿ ನಿಲ್ಲುತ್ತದೆ. ಹಳೆಯದರಲ್ಲಿ ಬರುವುದು ಅರ್ಥವಾಗದ ಕೂಡಾ ಅಸರ್ಟ್ ದೋಷ, ಅದಾದ ಮೇಲೆ ಸೆಷನ್ ಮರುಪ್ರಾರಂಭ ಮಾಡದೆ ಜಿಪಿಯು ಮಾತೇ ಕೇಳುವುದಿಲ್ಲ. ತರಬೇತಿಗೆ ಮೊದಲು ಎಲ್ಲ ಲೇಬಲ್‌ಗಳನ್ನೂ ಟೋಕನೈಸ್ ಮಾಡಿ ಉದ್ದ ಎಣಿಸಿ, 440 ದಾಟಿದ್ದನ್ನು ತೆಗೆಯಿರಿ ಅಥವಾ ಮೌನದ ಜಾಗದಲ್ಲಿ ಎರಡಾಗಿ ಕತ್ತರಿಸಿ. 12 ಸೆಕೆಂಡಿನೊಳಗಿನ ತುಣುಕುಗಳು ಸಾಮಾನ್ಯವಾಗಿ ಪಾರಾಗುತ್ತವೆ. ತುಣುಕುಗಳನ್ನು ಅಂಟಿಸಿ 28 ಸೆಕೆಂಡು ಮಾಡಿ ಮೌನದ ವ್ಯರ್ಥ ತಪ್ಪಿಸುವ ಜಾಣತನ ಇಂಗ್ಲಿಷಿಗೆ ಚೆಂದ, ಇಲ್ಲಿ ನಡೆಯುವುದಿಲ್ಲ.

ಮೂರನೆಯದು ಇದರ ಬೆನ್ನಿಗೇ ಬರುತ್ತದೆ. ಪಾಠದ ನೋಟ್‌ಬುಕ್ಕಿನಲ್ಲಿ ಮೌಲ್ಯಮಾಪನದ ಹೊತ್ತಿಗೆ ಬರೆಯುವ ಗರಿಷ್ಠ ಉದ್ದ 225 ಎಂದಿದೆ. ಕನ್ನಡದ ವಾಕ್ಯ ಅರ್ಧಕ್ಕೇ ತುಂಡಾಗಿ, ಉಳಿದ ಪದಗಳೆಲ್ಲ ‘ಬಿಟ್ಟುಹೋದವು’ ಎಂದು ದೋಷದ ಲೆಕ್ಕಕ್ಕೆ ಬೀಳುತ್ತವೆ. ಮಾದರಿ ಕಲಿಯುತ್ತಿಲ್ಲ ಎಂದು ಕಲಿಕೆ ದರ ಬದಲಿಸುತ್ತ ಕೂತವರು ಮೊದಲು ಈ 225ನ್ನು 448 ಮಾಡಿ ನೋಡಲಿ. ಇದರಿಂದ ಮೌಲ್ಯಮಾಪನ ನಿಧಾನವಾಗುತ್ತದೆ. ಟೋಕನ್ ಒಂದೊಂದಾಗಿ ಬರಬೇಕಲ್ಲ. ತರಬೇತಿಯ ನಡುವೆ 200 ತುಣುಕುಗಳ ಮೇಲೆ ಮಾತ್ರ ಅಳೆದು, ಇಡೀ ಪರೀಕ್ಷಾ ಕಡತವನ್ನು ಕೊನೆಗೆ ಒಮ್ಮೆ ಓಡಿಸಿ. ಭಾಷೆ ‘ಕನ್ನಡ’, ಕೆಲಸ ‘ಟ್ರಾನ್ಸ್‌ಕ್ರೈಬ್’ ಎಂದು ಸ್ಪಷ್ಟವಾಗಿ ಕೊಡುವುದನ್ನೂ ಮರೆಯಬಾರದು. ಹೇಳದೆ ಬಿಟ್ಟರೆ ಕನ್ನಡದ ಮಾತನ್ನು ತೆಲುಗು ಲಿಪಿಯಲ್ಲಿ ಬರೆದುಕೊಡುವುದುಂಟು.

ನಾಲ್ಕನೆಯದು ಎಲ್ಲಕ್ಕಿಂತ ಕಳ್ಳ. ವಿಸ್ಪರ್ ಜೊತೆ ಬರುವ, ಹೋಲಿಕೆಗೆ ಮುನ್ನ ಪಠ್ಯವನ್ನು ಶುಚಿಗೊಳಿಸುವ ಸಾಮಾನ್ಯ ನಾರ್ಮಲೈಸರ್ ಯೂನಿಕೋಡ್‌ನಲ್ಲಿ ‘ಗುರುತು’ ವರ್ಗಕ್ಕೆ ಸೇರಿದ್ದನ್ನೆಲ್ಲ ಅಳಿಸಿ ಜಾಗ ಬಿಡುತ್ತದೆ. ನಮ್ಮ ಕಾಗುಣಿತದ ಸ್ವರ ಚಿಹ್ನೆಗಳು, ಅನುಸ್ವಾರ, ಅರ್ಧಾಕ್ಷರದ ಚಿಹ್ನೆ ಎಲ್ಲವೂ ಆ ವರ್ಗದವೇ. ‘ಕನ್ನಡ’ ಹೋಗಿ ‘ಕನ ನಡ’ ಆಗುತ್ತದೆ. ಎರಡೂ ಕಡೆ ಹೀಗೆ ಬೋಳಿಸಿ ಹೋಲಿಸಿದರೆ ‘ಕಲಿ’, ‘ಕಲೆ’ ಎರಡೂ ಒಂದೇ ಎಂದಾಗಿ ದೋಷ ದರ ಸುಳ್ಳಾಗಿ ಇಳಿಯುತ್ತದೆ. ಪ್ರಕಟವಾಗಿರುವ ಕನ್ನಡ ಅಂಕಿಗಳನ್ನು ಹೋಲಿಸುವಾಗ ಯಾವ ನಾರ್ಮಲೈಸರ್ ಬಳಸಿದ್ದಾರೆ ಎಂದು ಕೇಳದೆ ಒಪ್ಪಬಾರದು. ವಿರಾಮ ಚಿಹ್ನೆಗಳನ್ನಷ್ಟೇ ತೆಗೆದು, ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನು ಎರಡೂ ಕಡೆ ಒಂದೇ ರೀತಿ ಮಾಡಿದರೆ ಸಾಕು. ಜೊತೆಗೆ ಅಕ್ಷರ ದೋಷ ದರವನ್ನೂ ಅಳೆಯಿರಿ. ‘ಮನೆಯಲ್ಲಿ ಇದ್ದಾನೆ’ ಎಂಬಲ್ಲಿ ಮಾದರಿ ‘ಮನೆಯಲ್ಲಿದ್ದಾನೆ’ ಎಂದು ಬರೆದರೆ ಎರಡು ಪದಕ್ಕೆ ಎರಡು ದೋಷ, ಶೇ 100 ತಪ್ಪು. ಓದುವವರಿಗೆ ಅದು ತಪ್ಪೇ ಅಲ್ಲ.

ಇಷ್ಟೆಲ್ಲ ತೊಡಕಿನಲ್ಲಿ ಟಿ4ನ ತಪ್ಪು ಒಂದೂ ಇಲ್ಲ ಎಂಬುದನ್ನು ಗಮನಿಸಬೇಕು. ಹತ್ತು ಪಟ್ಟು ದುಬಾರಿ ಕಾರ್ಡ್ ಕೊಂಡರೂ 225 ಇದ್ದಲ್ಲೇ ಇರುತ್ತದೆ.

ಭಾಷಾ ಮಾದರಿ: ಇಲ್ಲಿ ವಯಸ್ಸು ಗೊತ್ತಾಗುತ್ತದೆ

ಟಿ4ಗೆ ಬಿಎಫ್16 ಎಂಬ, ಸಂಖ್ಯೆಗಳನ್ನು 16 ಬಿಟ್‌ನಲ್ಲಿ ಬರೆಯುವ ರೂಪ ಹಾರ್ಡ್‌ವೇರ್‌ನಲ್ಲಿ ಇಲ್ಲ. ಅದು ಬಂದದ್ದು ಮುಂದಿನ ಆಂಪಿಯರ್ ಪೀಳಿಗೆಯಿಂದ. ಟಿ4ನಲ್ಲಿರುವುದು ಎಫ್‌ಪಿ16, ಅದರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 65,504. ಈಚಿನ ಮಾದರಿಗಳು ಬಿಎಫ್16ನಲ್ಲೇ ಹುಟ್ಟಿ ಬೆಳೆದವು. ಒಳಗಿನ ಮೌಲ್ಯಗಳು ಆ ಗಡಿ ದಾಟಿದರೂ ಅವಕ್ಕೆ ತೊಂದರೆಯಿರಲಿಲ್ಲ. ಗೂಗಲ್‌ನ ಜೆಮ್ಮಾ 3 ಮಾದರಿ ಇದಕ್ಕೆ ಹೆಸರುವಾಸಿ. ಎಫ್‌ಪಿ16ನಲ್ಲಿ ಓಡಿಸಿದರೆ ಮೌಲ್ಯ ಅನಂತಕ್ಕೆ ಹಾರಿ, ಲಾಸ್ (ಮಾದರಿಯ ತಪ್ಪಿನ ಅಳತೆ) ಜಾಗದಲ್ಲಿ ‘ನ್ಯಾನ್’, ಅಂದರೆ ಸಂಖ್ಯೆಯೇ ಅಲ್ಲ ಎಂಬ ಗುರುತು, ಬರುತ್ತದೆ. ಕೆಲವೊಮ್ಮೆ ಸೊನ್ನೆ ಬರುತ್ತದೆ, ಹೊಸಬರು ಅದನ್ನು ಕಂಡು ಖುಷಿಪಡುತ್ತಾರೆ.

ಕಾರ್ಡನ್ನು ಕೇಳಿ ತಿಳಿಯೋಣ ಎಂದರೆ ಅಲ್ಲೂ ಮೋಸ. ಬಿಎಫ್16 ಬೆಂಬಲವಿದೆಯೇ ಎಂದು ಪೈಟಾರ್ಚ್‌ನ ಹೊಸ ಆವೃತ್ತಿಗಳನ್ನು ಕೇಳಿದರೆ ಟಿ4ನಲ್ಲೂ ‘ಹೌದು’ ಎನ್ನುತ್ತವೆ, ಏಕೆಂದರೆ ಸಾಫ್ಟ್‌ವೇರ್‌ನಲ್ಲಿ ನಟಿಸಿ ತೋರಿಸುವುದನ್ನೂ ಅವು ಬೆಂಬಲವೆಂದೇ ಎಣಿಸುತ್ತವೆ. ಹಾಗೆ ಓಡಿಸಿದರೆ ಓಡುತ್ತದೆ, ಆದರೆ ಆಮೆಯ ನಡಿಗೆ. ಆ ಪ್ರಶ್ನೆ ಬಿಟ್ಟು ಕಾರ್ಡಿನ ಕಂಪ್ಯೂಟ್ ಕೇಪಬಿಲಿಟಿ (ಅದರ ಪೀಳಿಗೆ ಸೂಚಿಸುವ ಸಂಖ್ಯೆ) ಕೇಳಿ. ಟಿ4ಗೆ ಅದು 7.5 ಅಷ್ಟೇ; 8.0 ಅಥವಾ ಅದಕ್ಕಿಂತ ಮೇಲಿದ್ದರೆ ಮಾತ್ರ ಬಿಎಫ್16 ಇದೆ ಎಂದು ನಂಬಿ. ಲೆಕ್ಕದ ವೇಗ ಹೆಚ್ಚಿಸುವ ಫ್ಲ್ಯಾಶ್ ಅಟೆನ್ಷನ್ 2 ಲೈಬ್ರರಿ ಕೂಡ ಇದೇ ಕಾರಣಕ್ಕೆ ಟಿ4ನಲ್ಲಿ ಕೆಲಸ ಮಾಡುವುದಿಲ್ಲ, ಅದನ್ನು ಅಳವಡಿಸಲು ಸಮಯ ಕಳೆಯಬೇಡಿ. ಅದೇ ಕೆಲಸಕ್ಕೆ ಪೈಟಾರ್ಚ್‌ನದೇ ಎಸ್‌ಡಿಪಿಎ ಸಾಕು.

ಪರಿಹಾರ ಎರಡು. ಜೆಮ್ಮಾ 3 ಬೇಕೇ ಬೇಕೆಂದರೆ ಅನ್‌ಸ್ಲಾತ್ ಲೈಬ್ರರಿ ಬಳಸಿ. ಟಿ4ನಂಥ ಕಾರ್ಡ್ ಕಂಡರೆ ಎಲ್ಲಿ ಗಡಿ ದಾಟುತ್ತದೋ ಆ ಲೆಕ್ಕಗಳನ್ನು ಮಾತ್ರ 32 ಬಿಟ್‌ಗೆ ಏರಿಸುವ ವ್ಯವಸ್ಥೆ ಅದರಲ್ಲಿದೆ. ಇಲ್ಲವೇ ಎಫ್‌ಪಿ16ನಲ್ಲಿ ಸ್ಥಿರವಾಗಿರುವ ಬೇರೆ ಮಾದರಿ ಆರಿಸಿಕೊಳ್ಳಿ, 20 ಸ್ಟೆಪ್ ಓಡಿಸಿ ಲಾಸ್ ನೋಡಿ ಆಮೇಲೆ ಮುಂದುವರಿಯಿರಿ.

ಮಾದರಿ ಆರಿಸುವಾಗ ಪ್ಯಾರಾಮೀಟರ್ ಸಂಖ್ಯೆಯಷ್ಟೇ ಶಬ್ದಕೋಶದ ಗಾತ್ರವನ್ನೂ ನೋಡಬೇಕು, ಇದನ್ನು ನೋಡುವವರು ಕಡಿಮೆ. ಜೆಮ್ಮಾ 3ರ ಶಬ್ದಕೋಶ 2,62,144 ಟೋಕನ್. ಕನ್ನಡಕ್ಕೆ ಅದು ಒಳ್ಳೆಯದು, ಹಳೆಯ 32,000ದ ಲಾಮಾ 2ರಂತೆ ಪದವನ್ನು ಬೈಟ್‌ಗಳಾಗಿ ಪುಡಿ ಮಾಡುವುದಿಲ್ಲ. ಆದರೆ ಮಾದರಿ ಪ್ರತಿ ಸ್ಥಾನದಲ್ಲೂ ಇಡೀ ಶಬ್ದಕೋಶಕ್ಕೆ ಅಂಕ ಕೊಡಬೇಕು. 2,048 ಟೋಕನ್ ಉದ್ದದ ಒಂದೇ ಉದಾಹರಣೆಗೆ 2,62,144 × 2,048 × 4 ಬೈಟ್, ಅಂದರೆ 2.15 ಜಿಬಿ. ಗ್ರೇಡಿಯಂಟ್‌ಗೆ ಇನ್ನೊಂದು ಪ್ರತಿ ಬೇಕು. 4 ಬಿಟ್‌ನಲ್ಲಿ ಮಾದರಿ ಪುಟ್ಟದಾಗಿದೆಯಲ್ಲ, ಮತ್ತೆ ಮೆಮೊರಿ ಎಲ್ಲಿ ಹೋಯಿತು ಎಂದು ಹುಡುಕುವವರಿಗೆ ಸಾಮಾನ್ಯವಾಗಿ ಉತ್ತರ ಇದೇ. ಜೊತೆಗೆ ಪ್ರತಿ ಟೋಕನ್‌ಗೊಂದು ಸಾಲಿರುವ ಎಂಬೆಡಿಂಗ್ ಕೋಷ್ಟಕ 4 ಬಿಟ್‌ಗೆ ಇಳಿಯುವುದಿಲ್ಲ: 4 ಬಿಲಿಯನ್ ಜೆಮ್ಮಾದಲ್ಲಿ ಅದು 2,62,144 × 2,560 × 2 ಬೈಟ್, 1.34 ಜಿಬಿ.

ಬೆಂಗಳೂರಿನ ಸರ್ವಂ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿದ ಸರ್ವಂ-1 ಈ ದೃಷ್ಟಿಯಿಂದ ಟಿ4ಗೆ ಹೇಳಿ ಮಾಡಿಸಿದಂತಿದೆ. 2 ಬಿಲಿಯನ್ ಗಾತ್ರ, 68,096 ಟೋಕನ್‌ಗಳ ಶಬ್ದಕೋಶ, ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಿಗೆಂದೇ ಕಟ್ಟಿದ ಟೋಕನೈಸರ್. ಅದೇ 2,048 ಉದ್ದಕ್ಕೆ ಅಂಕಪಟ್ಟಿ 0.56 ಜಿಬಿ. ಆದರೆ ಇದು ಮೂಲ ಮಾದರಿ, ಮಾತುಕತೆಗೆ ಪಳಗಿದ್ದಲ್ಲ. ಪ್ರಶ್ನೆ ಕೇಳಿದರೆ ಉತ್ತರಿಸುವ ಬದಲು ಪ್ರಶ್ನೆಯನ್ನೇ ಮುಂದುವರಿಸಬಹುದು. ಪರವಾನಗಿಯನ್ನೂ ಓದಿಕೊಳ್ಳಿ, ವ್ಯಾಪಾರದ ಉತ್ಪನ್ನದಲ್ಲಿ ಹಾಕುವ ಯೋಚನೆಯಿದ್ದರೆ ಮೊದಲೇ.

ಟಿ4ನಲ್ಲಿ ಹೆಚ್ಚು ತಕರಾರಿಲ್ಲದೆ ಓಡುವ ಹೊಂದಾಣಿಕೆ ಹೀಗಿದೆ: 4 ಬಿಟ್ ಎನ್‌ಎಫ್4, ಲೆಕ್ಕ ಎಫ್‌ಪಿ16ನಲ್ಲಿ, ಲೋರಾ ರ್‍ಯಾಂಕ್ 16, ಎಲ್ಲ ಲೀನಿಯರ್ ಪದರಗಳ ಮೇಲೆ, ಉದ್ದ 1,024, ಬ್ಯಾಚ್ 1 ಅಥವಾ 2, ಗ್ರೇಡಿಯಂಟ್ ಕೂಡಿಸುವುದು 8 ಸಲ, ಕಲಿಕೆ ದರ 0.0002, ಪೇಜ್ಡ್ 8 ಬಿಟ್ ಆ್ಯಡಮ್‌ಡಬ್ಲ್ಯು. ಎಫ್‌ಪಿ16 ಗ್ರೇಡಿಯಂಟನ್ನು ಅನ್‌ಸ್ಕೇಲ್ ಮಾಡಲಾಗದು ಎಂಬ ದೋಷ ಬಂದರೆ ಅಡಾಪ್ಟರ್‌ನ ತೂಕಗಳೂ 16 ಬಿಟ್‌ನಲ್ಲಿ ಕೂತಿವೆ ಎಂದರ್ಥ. ತರಬೇತಿಯಾಗುವ ಪ್ಯಾರಾಮೀಟರ್‌ಗಳನ್ನು ಮಾತ್ರ 32 ಬಿಟ್‌ಗೆ ಬದಲಿಸಿ, ಉಳಿದದ್ದು ಹಾಗೇ ಇರಲಿ.

ಇನ್ನೊಂದು ಕಡೆ ಎಡವುವುದು ಜಿಪಿಯು ತಲುಪುವ ಮುನ್ನವೇ. 7 ಬಿಲಿಯನ್ ಮಾದರಿಯ 16 ಬಿಟ್ ಕಡತಗಳು 14 ಜಿಬಿ, ರ್ಯಾಮ್ ಇರುವುದು 12.7. ಎಲ್ಲವನ್ನೂ ಮೊದಲು ರ್ಯಾಮಿಗೆ ತರುವ ಹಳೆಯ ಕೋಡ್ ಇದ್ದರೆ ಸೆಷನ್ ಸತ್ತಿತೆಂದೇ ಲೆಕ್ಕ. ಸೇಫ್‌ಟೆನ್ಸರ್ಸ್ ರೂಪದ, ಚಿಕ್ಕ ತುಂಡುಗಳಾಗಿರುವ ಕಡತಗಳನ್ನು ಆರಿಸಿ, ತುಂಡು ತುಂಡಾಗಿ ನೇರ ಜಿಪಿಯುವಿಗೆ ಹೋಗುವಂತೆ ಡಿವೈಸ್ ಮ್ಯಾಪ್ ಕೊಡಿ. ಮೊದಲೇ 4 ಬಿಟ್‌ಗೆ ಇಳಿಸಿಟ್ಟ ಪ್ರತಿ ಸಿಕ್ಕಿದರೆ ಡೌನ್‌ಲೋಡ್ ಸಮಯವೂ ಉಳಿಯುತ್ತದೆ.

ಸೆಷನ್ ಎಂಬ ಗಡಿಯಾರ

ಉಚಿತ ಖಾತೆಯಲ್ಲಿ ಸೆಷನ್ ಹೆಚ್ಚೆಂದರೆ 12 ಗಂಟೆ. ಅದೂ ಭರವಸೆಯಲ್ಲ, ಮೇಲಿನ ಗೆರೆ ಅಷ್ಟೇ. ಸುಮ್ಮನಿದ್ದರೆ ಕಡಿಯುತ್ತದೆ, ಬ್ರೌಸರ್ ಟ್ಯಾಬ್ ಮುಚ್ಚಿದರೆ ಹೆಚ್ಚು ಹೊತ್ತು ಉಳಿಯುವುದಿಲ್ಲ, ನಡುನಡುವೆ ‘ನೀವು ಇದ್ದೀರಾ’ ಎಂದು ಕೇಳುತ್ತದೆ. ಹೆಚ್ಚು ಬಳಸಿದವರಿಗೆ ಮರುದಿನ ಜಿಪಿಯು ಇಲ್ಲ ಎನ್ನುತ್ತದೆ. ನಿಖರ ಮಿತಿಗಳನ್ನು ಗೂಗಲ್ ಪ್ರಕಟಿಸುವುದಿಲ್ಲ, ಬೇಡಿಕೆಗೆ ತಕ್ಕಂತೆ ಬದಲಿಸುತ್ತಿರುತ್ತದೆ. ಈ ವಿಮರ್ಶೆಯ ದೃಷ್ಟಿಯಲ್ಲಿ ಸೇವೆಯ ದೊಡ್ಡ ಕೊರತೆ ಇದು: ಮಿತಿ ಇರುವುದಕ್ಕೆ ತಕರಾರಿಲ್ಲ, ಮಿತಿ ಎಷ್ಟೆಂದು ತಿಳಿಯದೆ ಯೋಜನೆ ಹಾಕುವುದು ಕಷ್ಟ.

ಟ್ಯಾಬನ್ನು ಎಚ್ಚರವಾಗಿಡಲು ತಾನೇ ಕ್ಲಿಕ್ ಮಾಡುವ ಜಾವಾಸ್ಕ್ರಿಪ್ಟ್ ತುಣುಕುಗಳು ಅಲ್ಲಲ್ಲಿ ಸಿಗುತ್ತವೆ. ಬೇಡ. ಮಿತಿ ತಪ್ಪಿಸಲು ಹಲವು ಖಾತೆ ಬಳಸುವುದನ್ನು ನಿಯಮಗಳೇ ನಿಷೇಧಿಸಿವೆ. ಉಚಿತ ಖಾತೆಯಿಂದ ಎಸ್‌ಎಸ್‌ಎಚ್ ಮೂಲಕ ಯಂತ್ರಕ್ಕೆ ನುಗ್ಗುವುದು, ನೋಟ್‌ಬುಕ್ ಬದಿಗಿಟ್ಟು ವೆಬ್ ಪುಟವೊಂದನ್ನೇ ನಡೆಸುವುದು ಕೂಡ ಸಲ್ಲ. ಆ ಶ್ರಮವನ್ನು ಸರಿಯಾದ ಚೆಕ್‌ಪಾಯಿಂಟ್ (ತರಬೇತಿಯ ಆವರೆಗಿನ ಸ್ಥಿತಿ ಉಳಿಸಿಟ್ಟ ಕಡತ) ಬರೆಯಲು ಬಳಸಿದರೆ ಸೆಷನ್ ಕಡಿದರೂ ಚಿಂತೆಯಿಲ್ಲ.

ಚೆಕ್‌ಪಾಯಿಂಟ್ ಎಲ್ಲಿ ಇಡುವುದು? ಯಂತ್ರದ ಸ್ವಂತ ಡಿಸ್ಕ್ ಸೆಷನ್ ಮುಗಿದೊಡನೆ ಅಳಿಯುತ್ತದೆ. ಡ್ರೈವ್ ಜೋಡಿಸಿ ಅಲ್ಲಿ ಬರೆಯುವುದು ರೂಢಿ. ವಿಸ್ಪರ್ ಸ್ಮಾಲ್‌ನ ಒಂದು ಚೆಕ್‌ಪಾಯಿಂಟ್‌ನಲ್ಲಿ ತೂಕ ಸುಮಾರು 1 ಜಿಬಿ, ಆಪ್ಟಿಮೈಸರ್ ಸುಮಾರು 2, ಒಟ್ಟು 3 ಜಿಬಿಯ ಹತ್ತಿರ. ಉಚಿತ ಡ್ರೈವ್ 15 ಜಿಬಿ, ಅದರಲ್ಲಿ ಜಿಮೇಲ್ ಮತ್ತು ಫೋಟೋಗಳ ಪಾಲೂ ಇದೆ. ಹಳೆಯವನ್ನು ಅಳಿಸಿ ಕೊನೆಯ ಎರಡನ್ನು ಮಾತ್ರ ಉಳಿಸು ಎಂದು ಹೇಳಿದರೂ ಡ್ರೈವ್ ತುಂಬುತ್ತದೆ, ಏಕೆಂದರೆ ಅಳಿಸಿದ್ದೆಲ್ಲ ಕಸದಬುಟ್ಟಿಗೆ ಹೋಗಿ 30 ದಿನ ಕೂರುತ್ತದೆ, ಆ ಜಾಗವೂ 15ರ ಲೆಕ್ಕಕ್ಕೇ ಸೇರುತ್ತದೆ. ಐದಾರು ಚೆಕ್‌ಪಾಯಿಂಟ್ ಆದಮೇಲೆ ಬರೆಯುವುದು ವಿಫಲವಾಗಿ ತರಬೇತಿ ನಿಲ್ಲುತ್ತದೆ. ಅಳಿಸುವ ಮುನ್ನ ಆ ಕಡತವನ್ನು ಖಾಲಿ ಬರಹದಿಂದ ಮುಚ್ಚಿ ಸೊನ್ನೆ ಬೈಟ್ ಮಾಡಿದರೆ ಬುಟ್ಟಿಗೆ ಹೋಗುವುದು ಖಾಲಿ ಕಡತ. ಇದಕ್ಕಿಂತ ಚೊಕ್ಕಟವಾದ ದಾರಿ ಹಗ್ಗಿಂಗ್ ಫೇಸ್ ಹಬ್‌ನ ಖಾಸಗಿ ರೆಪೊಗೆ ಕಳಿಸುವುದು. ಆಪ್ಟಿಮೈಸರ್ ಸ್ಥಿತಿಯೂ ಹೋಗುವಂತೆ ‘ಚೆಕ್‌ಪಾಯಿಂಟ್’ ಎಂಬ ಹಬ್ ತಂತ್ರವನ್ನು ಆರಿಸಬೇಕು. ಬರೀ ತೂಕ ಕಳಿಸಿದರೆ ಮುಂದುವರಿಸುವಾಗ ಆ್ಯಡಮ್ ಸೊನ್ನೆಯಿಂದ ಶುರುವಾಗಿ ಲಾಸ್ ಒಮ್ಮೆ ಜಿಗಿಯುತ್ತದೆ. ಹಬ್ ಪ್ರವೇಶಕ್ಕೆ ಬೇಕಾದ ಗುಪ್ತ ಟೋಕನ್ನನ್ನು ಸೆಲ್‌ನಲ್ಲಿ ಬರೆಯದೆ ಎಡಬದಿಯ ಕೀಲಿ ಗುರುತಿನ ಸೀಕ್ರೆಟ್ಸ್‌ನಲ್ಲಿಡಿ. ಕ್ಯೂಲೋರಾಗೆ ಈ ರಗಳೆ ಇಲ್ಲ, ಅಡಾಪ್ಟರ್ ಪುಟ್ಟದು.

ಎಷ್ಟು ಸ್ಟೆಪ್‌ಗೊಮ್ಮೆ ಉಳಿಸಬೇಕು? 5,000 ಸ್ಟೆಪ್‌ಗೆ 10 ಗಂಟೆಯಾದರೆ 250 ಸ್ಟೆಪ್ ಅರ್ಧ ಗಂಟೆ. ಅಷ್ಟು ಕಳೆದುಕೊಳ್ಳಲು ಸಿದ್ಧರಿದ್ದರೆ ಅದೇ ಸರಿ. ದೊಡ್ಡ ಓಟಕ್ಕೆ ಮೊದಲು ಒಂದು ಪರೀಕ್ಷೆ ಕಡ್ಡಾಯ: 20 ಸ್ಟೆಪ್ ಓಡಿಸಿ, 10ರಲ್ಲಿ ಒಮ್ಮೆ ಉಳಿಸಿ, ಬೇಕೆಂದೇ ರನ್‌ಟೈಮ್ ಅಳಿಸಿ, ಹೊಸ ಯಂತ್ರದಲ್ಲಿ ಮೊದಲ ಸೆಲ್‌ನಿಂದ ಎಲ್ಲವನ್ನೂ ಓಡಿಸಿ ಅದು ತಾನಾಗಿ 10ರಿಂದ ಮುಂದುವರಿಯುತ್ತದೆಯೇ ನೋಡಿ. ಹಾಗಾಗದಿದ್ದರೆ ದೊಡ್ಡ ಓಟ ಶುರು ಮಾಡುವುದರಲ್ಲಿ ಅರ್ಥವಿಲ್ಲ.

ಡ್ರೈವ್‌ನಿಂದ ಓದುವುದರಲ್ಲೂ ಒಂದು ಬಲೆಯಿದೆ. 7,200 ವೇವ್ ಕಡತಗಳನ್ನು ಒಂದು ಫೋಲ್ಡರಿನಲ್ಲಿಟ್ಟು ನೇರ ಓದಿಸಿದರೆ ಒಂದೊಂದು ಕಡತಕ್ಕೂ ಜಾಲದ ಸುತ್ತು. ಫೋಲ್ಡರ್ ದೊಡ್ಡದಾದಷ್ಟೂ ಪಟ್ಟಿ ಮಾಡುವಾಗಲೇ ಸಮಯ ಮೀರಿ ದೋಷ ಬರುತ್ತದೆ. ಎಲ್ಲವನ್ನೂ ಒಂದು ಟಾರ್ ಕಡತ ಮಾಡಿ, ಯಂತ್ರದ ಡಿಸ್ಕಿಗೆ ನಕಲಿಸಿ, ಅಲ್ಲಿ ಬಿಚ್ಚಿಕೊಳ್ಳಿ. ಬರೆಯುವಾಗ ಡ್ರೈವ್ ತಡವಾಗಿ ಕಳಿಸುತ್ತದೆ ಎಂಬುದೂ ನೆನಪಿರಲಿ, ಕೊನೆಗೆ ಫ್ಲಶ್ ಮಾಡಿ ಕಳಚುವ ಆಜ್ಞೆ ಕೊಟ್ಟರೆ ಮಾತ್ರ ಕಡತ ಪೂರ್ತಿ ತಲುಪಿತೆಂದು ನಂಬಬಹುದು.

ಕೋಲ್ಯಾಬ್‌ನ ಒಳಗಿನ ಲೈಬ್ರರಿಗಳು ಕಾಲಕಾಲಕ್ಕೆ ಬದಲಾಗುತ್ತವೆ, ನಿಮ್ಮನ್ನು ಕೇಳದೆ. ಕಳೆದ ತಿಂಗಳು ಓಡಿದ ನೋಟ್‌ಬುಕ್ ಇಂದು ನಮ್‌ಪೈ ಜಗಳದಲ್ಲಿ ನಿಲ್ಲಬಹುದು. ಟ್ರಾನ್ಸ್‌ಫಾರ್ಮರ್ಸ್, ಪೆಫ್ಟ್, ಬಿಟ್ಸ್‌ಆ್ಯಂಡ್‌ಬೈಟ್ಸ್, ಡೇಟಾಸೆಟ್ಸ್ ಇವುಗಳ ಆವೃತ್ತಿಯನ್ನು ಕಟ್ಟಿಹಾಕಿ. ಪೈಟಾರ್ಚ್ ಮಾತ್ರ ಅವರು ಕೊಟ್ಟದ್ದನ್ನೇ ಬಳಸಿ, ಮತ್ತೆ ಅಳವಡಿಸಿದರೆ ದೊಡ್ಡ ಡೌನ್‌ಲೋಡಿನ ಜೊತೆ ಕೂಡಾ ಹೊಂದಾಣಿಕೆಯ ತಲೆಬಿಸಿ ಉಚಿತ.

ಬೇರೆ ಬಾಗಿಲುಗಳು

ರಾತ್ರಿ ಓಡಿಸಿ ಬೆಳಿಗ್ಗೆ ನೋಡುವ ಅಭ್ಯಾಸದವರಿಗೆ ಇಂಥದ್ದೇ ಇನ್ನೊಂದು ನೋಟ್‌ಬುಕ್ ತಾಣ ಕ್ಯಾಗಲ್ ಮೇಲು. ಅದೂ ಗೂಗಲ್‌ನದ್ದೇ. ವಾರಕ್ಕೆ 30 ಗಂಟೆ ಜಿಪಿಯು ಎಂದು ಅಂಕಿಯನ್ನು ಮುಖಕ್ಕೇ ತೋರಿಸುತ್ತದೆ, ‘ಸೇವ್ ಆ್ಯಂಡ್ ರನ್ ಆಲ್’ ಒತ್ತಿ ಬ್ರೌಸರ್ ಮುಚ್ಚಿದರೂ ಕೆಲಸ ಸಾಗುತ್ತದೆ, ಕೊನೆಯಲ್ಲಿ 20 ಜಿಬಿಯವರೆಗಿನ ಫಲಿತಾಂಶ ಉಳಿಯುತ್ತದೆ. ಫೋನ್ ಸಂಖ್ಯೆ ದೃಢೀಕರಿಸದಿದ್ದರೆ ಜಿಪಿಯುವೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ. ಅಲ್ಲಿ ಎರಡು ಟಿ4 ಸಿಗುತ್ತವೆ, ಆದರೆ ಡಿವೈಸ್ ಮ್ಯಾಪ್ ‘ಆಟೊ’ ಕೊಟ್ಟರೆ ಮಾದರಿ ಎರಡು ಕಾರ್ಡಿಗೆ ಹಂಚಿ ಒಂದು ದುಡಿಯುವಾಗ ಇನ್ನೊಂದು ಸುಮ್ಮನೆ ಕಾಯುತ್ತದೆ. ವೇಗ ಬೇಕಿದ್ದರೆ ಎರಡರಲ್ಲೂ ಪೂರ್ತಿ ಪ್ರತಿ ಇಟ್ಟು ಡಿಡಿಪಿ ವಿಧಾನದಲ್ಲಿ ಓಡಿಸಬೇಕು. ಕೋಡ್ ಬರೆದು ತಿದ್ದುವ ಹಂತ ಕೋಲ್ಯಾಬ್‌ನಲ್ಲಿ, ಉದ್ದನೆಯ ಓಟ ಕ್ಯಾಗಲ್‌ನಲ್ಲಿ ಎಂಬ ಹಂಚಿಕೆ ವಿದ್ಯಾರ್ಥಿಗಳಿಗೆ ಚೆನ್ನಾಗಿ ಒಪ್ಪುತ್ತದೆ.

ದುಡ್ಡು ಕೊಡುವ ಹೊತ್ತು ಯಾವಾಗ ಬಂತು? ಬಿಎಫ್16 ಇಲ್ಲದೆ ನಡೆಯದು ಎಂದಾದಾಗ, ಅಥವಾ 7 ಬಿಲಿಯನ್‌ಗಿಂತ ಮೇಲೆ ಉದ್ದನೆಯ ಪಠ್ಯ ಬೇಕಾದಾಗ. ಆಗ ಕೋಲ್ಯಾಬ್‌ನಲ್ಲಿ ದುಡ್ಡು ಕೊಟ್ಟು ಬಳಸುವ ಎಲ್4 ಕಾರ್ಡ್ ಸೂಕ್ತ: 24 ಜಿಬಿ, ಬಿಎಫ್16 ಇದೆ, ತರಬೇತಿಯಲ್ಲಿ ಟಿ4ಗಿಂತ ಸ್ಪಷ್ಟವಾಗಿ ವೇಗ. ಆದರೆ ಮಾದರಿಯಿಂದ ಉತ್ತರ ಬರೆಸುವುದಷ್ಟೇ ಕೆಲಸವಾದರೆ ದೊಡ್ಡ ಜಿಗಿತ ನಿರೀಕ್ಷಿಸಬೇಡಿ. ಒಂದೊಂದೇ ಟೋಕನ್ ಬರೆಯುವಾಗ ಅಡ್ಡಿಯಾಗುವುದು ಮೆಮೊರಿಯಿಂದ ಓದುವ ವೇಗ, ಅದು ಎರಡರಲ್ಲೂ ಸೆಕೆಂಡಿಗೆ 300 ಜಿಬಿಯ ಆಸುಪಾಸಿನಲ್ಲೇ ಇದೆ.

ಯಂತ್ರದ ಸಮಯಕ್ಕೆಂದು ಕೋಲ್ಯಾಬ್‌ನಲ್ಲಿ ಕೊಂಡ ಕಂಪ್ಯೂಟ್ ಯೂನಿಟ್‌ಗಳು 90 ದಿನಕ್ಕೆ ಸತ್ತುಹೋಗುತ್ತವೆ. ಸೆಲ್ ಓಡುತ್ತಿರಲಿ ಬಿಡಲಿ, ಜಿಪಿಯು ಯಂತ್ರ ಜೋಡಿಕೊಂಡಿರುವಷ್ಟು ಹೊತ್ತೂ ಅವು ಕರಗುತ್ತಲೇ ಇರುತ್ತವೆ. ಡೌನ್‌ಲೋಡ್, ಶುದ್ಧೀಕರಣ, ಟೋಕನ್ ಎಣಿಕೆಯನ್ನೆಲ್ಲ ಬರೀ ಸಿಪಿಯು ರನ್‌ಟೈಮಿನಲ್ಲಿ ಮುಗಿಸಿ, ಫಲಿತಾಂಶವನ್ನು ಹಬ್‌ಗೆ ಏರಿಸಿ, ಆಮೇಲೆ ಎಲ್4ಗೆ ಬದಲಿಸಿ. ಕೊನೆಯ ಚೆಕ್‌ಪಾಯಿಂಟ್ ತಲುಪಿದ ನಂತರದ ಸೆಲ್‌ನಲ್ಲಿ ಕೋಲ್ಯಾಬ್‌ನ ‘ರನ್‌ಟೈಮ್ ಅನ್‌ಅಸೈನ್’ ಆಜ್ಞೆ ಬರೆದಿಟ್ಟರೆ ತರಬೇತಿ ರಾತ್ರಿ ಎರಡಕ್ಕೆ ಮುಗಿದರೂ ಯಂತ್ರ ತಾನೇ ಕಳಚಿಕೊಳ್ಳುತ್ತದೆ, ಬೆಳಗಿನವರೆಗೆ ಯೂನಿಟ್ ಸೋರುವುದಿಲ್ಲ.